ಗಾಳಿ ಎಷ್ಟು ಹಾಕಲಿ?
ಬೆಳಗ್ಗೆ ಧಾರವಾಡಕ್ಕೆ ಹೊರಟಾಗ ಪುಣೆಯ ಕಾತ್ರಜ್ ಹತ್ತಿರ ಟೈರಿಗೆ ಗಾಳಿ ಹಾಕಿಸಲು ನಿಂತೆವು. ಹುಡುಗ ಮರಾಠಿಯಲ್ಲಿ ‘ಕಿತೀ?’ (ಎಷ್ಟು?) ಎಂದ. ಕಾರಿನ ಬಾಗಿಲ ಸ್ಟಿಕರಿನಲ್ಲಿ 2.2 ಬಾರ್ ಅಂತಿದೆ. ಅವನ ಮೀಟರ್ ಪಿಎಸ್‌ಐನದ್ದು. ಎರಡೂ ಒತ್ತಡದ ಅಳತೆಗಳೇ, ಒಂದು ಬಾರ್ ಅಂದ್ರೆ 14.5 ಪಿಎಸ್‌ಐ. ಗುಣಿಸಿದರೆ 31.9. ‘ಬತ್ತೀಸ’ (ಮೂವತ್ತೆರಡು) ಎಂದೆ.

ಹಿಂದೆ ಕೂತಿದ್ದ ಅಪ್ಪ ಕೇಳಿದರು, ‘ನನ್ನ ಬಿಪಿ 120 ಅಂತಾರಲ್ಲೋ, ಹಂಗಾದ್ರ ಟೈರಿಗಿಂತ ಜಾಸ್ತಿ ಏನು?’

ಎಷ್ಟು ಒಳ್ಳೆಯ ಪ್ರಶ್ನೆ! ಡಾಕ್ಟರು ಹೇಳುವ 120 ಪಾದರಸದ ಮಿಲಿಮೀಟರ್. 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಗಾಜಿನ ಕೊಳವೆಯಲ್ಲಿ ಪಾದರಸ ನಿಲ್ಲಿಸಿ ಗಾಳಿಯ ಒತ್ತಡ ತೋರಿಸಿದ. ಆ ಅಳತೆಯೇ ಇವತ್ತಿಗೂ ಅಪ್ಪನ ಬಿಪಿ ಚೀಟಿಯಲ್ಲಿದೆ. ಸಮುದ್ರಮಟ್ಟದ ಗಾಳಿ ಅಂದ್ರೆ 760 ಮಿಲಿಮೀಟರ್, 1.013 ಬಾರ್, 14.7 ಪಿಎಸ್‌ಐ. ಮೂರೂ ಒಂದೇ. ಈ ಲೆಕ್ಕದಲ್ಲಿ 120 ಅಂದ್ರೆ ಬರೀ 2.3 ಪಿಎಸ್‌ಐ. ಟೈರಿನ 32ನ್ನು ಬಿಪಿ ಅಳತೆಗೆ ತಂದರೆ 1650 ದಾಟುತ್ತದೆ!

ಇನ್ನೊಂದು ಮಾತು. ಟೈರ್ ಮೀಟರ್ ಆಗಲಿ, ಬಿಪಿ ಯಂತ್ರವಾಗಲಿ, ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನೋದನ್ನಷ್ಟೇ ತೋರಿಸುತ್ತವೆ. ಪಂಕ್ಚರ್ ಆಗಿ ಪೂರ್ತಿ ಇಳಿದ ಟೈರಿನಲ್ಲೂ ಹೊರಗಿನಷ್ಟೇ ಒತ್ತಡ ಇರುತ್ತದೆ. ಮೀಟರ್ ಮಾತ್ರ ಸೊನ್ನೆ ಅನ್ನುತ್ತದೆ. ನನಗೆ ಇದು ತುಂಬಾ ಇಷ್ಟವಾದ ವಿಷಯ. ನಾವು ಸದಾ ಗಾಳಿಯ ಇಷ್ಟು ಭಾರ ಹೊತ್ತೇ ಓಡಾಡುತ್ತೇವೆ, ಗೊತ್ತೇ ಆಗಲ್ಲ ಅಲ್ವಾ?

ಘಾಟಿ ಇಳಿಯೋವರೆಗೂ ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕುತ್ತಲೇ ಇದ್ದರು. ಆಮೇಲೆ ಕೇಳಿದರು, ‘ಕುಕ್ಕರಿನೊಳಗ ಎಷ್ಟಿರ್ತದ?’