ಗ್ಲೈಡರ್ ಟ್ರೇಲರ್ ಎಳೆಯೋಕೆ ಯಾವ ಕಾರು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಹಾಲ್‌ನಲ್ಲಿ ಒಂದು ಫೋಟೊ ಇದೆ. ಹಸಿರು ಬಯಲು, ಒಂದು ಹಳೇ ಪಸಾಟ್ ಕಾರು, ಅದರ ಹಿಂದೆ ಬಿಳಿ ಬಣ್ಣದ ಉದ್ದನೆ ಪೆಟ್ಟಿಗೆ. ಬಂದವರೆಲ್ಲ ಮೊದಲು ಕೇಳುವುದು, "ಇದೇನು ಸಾರ್, ಇಷ್ಟುದ್ದ?" ಅಂತ. ಅದರೊಳಗೆ ವಿಮಾನ ಇದೆ ಅಂದರೆ ನಂಬುವುದಿಲ್ಲ. ಇಂಜಿನ್ ಇಲ್ಲದ ವಿಮಾನ, ಗ್ಲೈಡರ್. ಎರಡೂ ರೆಕ್ಕೆ ಬಿಚ್ಚಿ, ಬಾಲದ ಮೇಲಿನ ಅಡ್ಡರೆಕ್ಕೆ ತೆಗೆದು, ಒಳಗೆ ತಳ್ಳಿ ಮುಚ್ಚಿದರೆ ರಸ್ತೆ ಮೇಲೆ ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಕೆಲಸದ ಮೇಲೆ ಸ್ಟುಟ್‌ಗಾರ್ಟ್ ಹತ್ತಿರ ಹನ್ನೊಂದು ವರ್ಷ ಇದ್ದೆ. ಗ್ಲೈಡರ್ ಹಾರಿಸುವುದನ್ನು ಕಲಿತದ್ದು ಅಲ್ಲೇ. ಈಗ ಊರಿಗೆ ವಾಪಸ್ ಬಂದಿದ್ದೇನೆ. ಆದರೂ ಆಗಾಗ ಫೋನ್ ಬರುತ್ತಲೇ ಇರುತ್ತದೆ. ಮಾಡುವವರು ನಮ್ಮ ಕಡೆಯಿಂದ ಓದೋಕೆ ಅಂತ ಜರ್ಮನಿಗೆ ಹೋದ ಹುಡುಗರು, ಹುಡುಗಿಯರು. ಅಲ್ಲಿನ ಕೆಲವು ಯೂನಿವರ್ಸಿಟಿಗಳಲ್ಲಿ ಆಕಾಫ್ಲೀಗ್ ಅಂತ ವಿದ್ಯಾರ್ಥಿಗಳದ್ದೇ ಗುಂಪುಗಳಿವೆ. ಗ್ಲೈಡರ್‌ಗಳನ್ನು ಅವರೇ ವಿನ್ಯಾಸ ಮಾಡಿ, ಕಟ್ಟಿ, ಹಾರಿಸುತ್ತಾರೆ. ಡಾರ್ಮ್‌ಸ್ಟಾಟ್‌ನ ಗುಂಪು 1920ರಿಂದ ಇದೆ. ನಮ್ಮ ಮಕ್ಕಳು ಅಂಥಲ್ಲಿ ಸೇರಿ, ಆಮೇಲೆ ನನಗೆ ಫೋನ್ ಮಾಡುತ್ತಾರೆ. "ಸಾರ್, ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ತಾ ಇದ್ದೀನಿ. ಗ್ಲೈಡರ್ ಟ್ರೇಲರ್ ಎಳೆಯೋಕೆ ಯಾವುದು ಒಳ್ಳೇದು? 150 ಹಾರ್ಸ್‌ಪವರ್ ಸಾಕಾ?"

ಹಾರ್ಸ್‌ಪವರ್ ಕೊನೆಗೆ ನೋಡೋಣ. ಎಳೆಯೋದು ಅಷ್ಟು ಕಷ್ಟವಲ್ಲ. ಹಿಂದೆ ಬರೋದನ್ನ ನೆಟ್ಟಗೆ ಬರುವ ಹಾಗೆ ಹಿಡಿದಿಟ್ಟುಕೊಳ್ಳೋದು ಕಷ್ಟ.

ಲೆಕ್ಕ ನೋಡಿ. ರೆಕ್ಕೆಯ ತುದಿಯಿಂದ ತುದಿಗೆ 15 ಮೀಟರ್ ಇರುವ, ಒಬ್ಬರೇ ಕೂರುವ ಗ್ಲೈಡರ್ ಸುಮಾರು 250 ಕಿಲೋ ತೂಗುತ್ತದೆ, ಅಷ್ಟೇ. ಕ್ಲಬ್ಬುಗಳಲ್ಲಿ ಕಲಿಸೋಕೆ ಇಟ್ಟುಕೊಳ್ಳುವ ಎಎಸ್‌ಕೆ 21 ಇಬ್ಬರದ್ದು, ಅದು 360 ಕಿಲೋ. ಟ್ರೇಲರ್‌ದೇ ತೂಕ ಇನ್ನು 500, 600 ಕಿಲೋ. ಪ್ಯಾರಾಶೂಟು, ಬ್ಯಾಟರಿ, ಸಲಕರಣೆ ಎಲ್ಲ ಸೇರಿ 900ರ ಹತ್ತಿರ ಬರುತ್ತದೆ. ನಮ್ಮ ಬೀದಿಯಲ್ಲಿ ನಿಂತಿರೋ ಸಣ್ಣ ಕಾರೊಂದರ ತೂಕ. ಆದರೆ ಉದ್ದ 8ರಿಂದ 9 ಮೀಟರ್. ಇಷ್ಟು ಉದ್ದದ್ದು ಇಷ್ಟು ಹಗುರ ಇದ್ದರೆ ಏನಾಗುತ್ತದೆ? ಪಕ್ಕದಿಂದ ಬೀಸುವ ಗಾಳಿಗೆ ಅದೊಂದು ಗೋಡೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದರೆ ಮೊದಲು ಆಚೆ ತಳ್ಳುತ್ತದೆ, ಆಮೇಲೆ ಈಚೆ ಸೆಳೆಯುತ್ತದೆ.

ಇದನ್ನು ಅರ್ಥ ಮಾಡಿಸೋಕೆ ನಾನು ಯಾವಾಗಲೂ ಎತ್ತಿನ ಗಾಡಿಯನ್ನೇ ನೆನಪಿಸುತ್ತೇನೆ. ನಮ್ಮೂರು ಪಾಂಡವಪುರದ ಹತ್ತಿರ. ತಾತ ಗಾಡಿಗೆ ಕಬ್ಬು ಹೇರಿಸುವಾಗ ಮಧ್ಯೆ ಮಧ್ಯೆ ನಿಲ್ಲಿಸಿ, ಮೂಕಿಗೆ ಕೈ ಹಾಕಿ ಮೇಲೆ ಕೆಳಗೆ ಆಡಿಸಿ ನೋಡುತ್ತಿದ್ದರು. "ಹಿಂಭಾರ ಆಯ್ತು ಕಣ್ಲಾ, ಎರಡು ಹೊರೆ ಮುಂದಕ್ಕಾಕು" ಅನ್ನುತ್ತಿದ್ದರು. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕತ್ತು ಬಿಗಿಯುತ್ತದೆ. ಮುಂಭಾರವಾದರೆ ಅದೇ ನೊಗ ಕತ್ತನ್ನು ಅದುಮುತ್ತದೆ. ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳನ್ನೂ ನೋಡಿರುತ್ತೀರಿ. ಮಿತಿಮೀರಿ ಹೇರಿಕೊಂಡು ಏರು ಹತ್ತುವಾಗ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಸ್ಟೇರಿಂಗ್ ತಿರುಗಿಸಿ ಏನು ಪ್ರಯೋಜನ?

ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿನ ಮೇಲೆ ಬೀಳುವ ಭಾರ ಇದೇ ಮೂಕಿಯ ಭಾರ. ತೀರಾ ಕಡಿಮೆ ಇದ್ದರೆ ಟ್ರೇಲರ್ ಹಾವಿನ ಹಾಗೆ ಓಲಾಡುತ್ತದೆ. ಜಾಸ್ತಿ ಆದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಹೋಗುತ್ತದೆ. ಸಣ್ಣ ಕಾರುಗಳು 50 ಕಿಲೋ ತಡೆಯುತ್ತವೆ, ಮಧ್ಯಮ ಗಾತ್ರದವು ಸಾಮಾನ್ಯವಾಗಿ 75 ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಜರ್ಮನಿಯ ಆರ್‌ಸಿ ಪತ್ರದಲ್ಲಿ 13ನೇ ಕಲಮಿನಲ್ಲಿ ಇದು ಬರೆದಿರುತ್ತದೆ. ಬ್ರೇಕ್ ಇರುವ ಟ್ರೇಲರ್ ಎಷ್ಟು ತೂಕದ್ದು ಎಳೆಯಬಹುದು ಅನ್ನೋದು ಓ.1 ಅನ್ನುವ ಕಡೆ, ಬ್ರೇಕ್ ಇಲ್ಲದ್ದು ಓ.2 ಕಡೆ. ಯಾರೇ ಫೋನ್ ಮಾಡಿದರೂ ನಾನು ಮೊದಲು ಹೇಳುವುದು ಒಂದೇ: ಕಾರಿನ ಫೋಟೊ ಬೇಡ, ಆರ್‌ಸಿ ಫೋಟೊ ಕಳಿಸಪ್ಪ. ಕೆಲವು ಕಾರುಗಳಿಗೆ ಅಲ್ಲಿ ಅಂಕಿಯೇ ಇರುವುದಿಲ್ಲ. ಇಲ್ಲ ಅಂದರೆ ಆ ಕಾರು ಏನನ್ನೂ ಎಳೆಯುವಂತಿಲ್ಲ, ಎಷ್ಟೇ ಹಾರ್ಸ್‌ಪವರ್ ಇರಲಿ.

ಒಂದು ಅನುಭವ ಹೇಳಲೇಬೇಕು. ನನ್ನ ಪಸಾಟ್ 1500 ಕಿಲೋಗಿಂತ ಜಾಸ್ತಿ ತೂಗುತ್ತಿತ್ತು, ಟ್ರೇಲರ್ 900. ಲೆಕ್ಕದಲ್ಲಿ ಏನೂ ತಪ್ಪಿಲ್ಲ. ರಜೆಗೆ ಹೋಗುವ ದಿನ ಗಡಿಬಿಡಿಯಲ್ಲಿ ಟೆಂಟು, ನೀರಿನ ಕ್ಯಾನು, ಟೂಲ್ ಬಾಕ್ಸು ಎಲ್ಲವನ್ನೂ ಟ್ರೇಲರ್‌ನ ಹಿಂದಿನ ಬಾಗಿಲ ಹತ್ತಿರವೇ ತುಂಬಿದೆ. ಆಟೋಬಾನ್‌ನಲ್ಲಿ, ಅಂದರೆ ಅಲ್ಲಿನ ಹೆದ್ದಾರಿಯಲ್ಲಿ, ಒಂದು ಉದ್ದನೆ ಇಳಿಜಾರು. ಸ್ಪೀಡು 90 ದಾಟಿರಬೇಕು. ಒಂದು ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಕನ್ನಡಿಯಲ್ಲಿ ಟ್ರೇಲರ್‌ನ ಹಿಂದಿನ ದೀಪ ಎಡಗಡೆ ಕಾಣಿಸಿತು, ಆಮೇಲೆ ಬಲಗಡೆ, ಮತ್ತೆ ಎಡಗಡೆ. ಪ್ರತಿ ಸಲವೂ ಇನ್ನಷ್ಟು ದೂರ. ಸ್ಟೇರಿಂಗ್ ಕೈಯಲ್ಲಿ ತಾನೇ ಎಳೆದಾಡುತ್ತಿತ್ತು. ಹೆಂಡತಿ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಸ್ಟೇರಿಂಗನ್ನು ನೆಟ್ಟಗೆ ಹಿಡಿದೆ, ಓಲಾಟಕ್ಕೆ ಎದುರಾಗಿ ತಿರುಗಿಸೋಕೆ ಹೋಗಲಿಲ್ಲ. 70ಕ್ಕೆ ಇಳಿದ ಮೇಲೆ ಶಾಂತವಾಯಿತು. ಮುಂದಿನ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದಾಗ ನನ್ನ ಎರಡೂ ಕೈ ನಡುಗುತ್ತಿದ್ದವು.

ಅಲ್ಲೇ ಎಲ್ಲ ಸಾಮಾನನ್ನೂ ಇಳಿಸಿ ಕಾರಿಗೇ ಹಾಕಿದೆ. ಮನೆಗೆ ಬಂದ ಮೇಲೆ ಅವತ್ತಿನ ಹಾಗೇ ತುಂಬಿ ತೂಗಿ ನೋಡಿದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಬಾತ್‌ರೂಮಿನ ತೂಕದ ಮಷೀನ್ ಸಾಕು. ಟ್ರೇಲರ್ ಚಕ್ರಕ್ಕೆ ಕಲ್ಲು ಕೊಟ್ಟು, ಮಷೀನ್ ಮೇಲೆ ಒಂದು ಗಟ್ಟಿ ಮರದ ತುಂಡು ನಿಲ್ಲಿಸಿ, ಟ್ರೇಲರ್‌ನ ಮೂತಿಯನ್ನು ಅದರ ಮೇಲೆ ಇಳಿಸಿ. ಟ್ರೇಲರ್ ಮಟ್ಟಸವಾಗಿ ನಿಂತಿರಬೇಕು, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ನನಗೆ ಬಂದದ್ದು 20 ಕಿಲೋ. ಸಾಮಾನನ್ನು ಚಕ್ರದಿಂದ ಮುಂದಕ್ಕೆ ಸರಿಸಿ 65ಕ್ಕೆ ತಂದೆ. ಅದೇ ಕಾರು, ಅದೇ ಟ್ರೇಲರ್, ಆಮೇಲೆ ಹಳಿ ಮೇಲೆ ಬಂದ ಹಾಗೆ ಬಂತು. ತಾತ ಕೈಯಲ್ಲೇ ತೂಗುತ್ತಿದ್ದದ್ದನ್ನು ನಾನು ಮಷೀನ್ ಇಟ್ಟು ಕಲಿಯಬೇಕಾಯಿತು.

ಸರಿ, ಕಾರು ಯಾವುದು? ನನ್ನ ಉತ್ತರ: ಡೀಸೆಲ್ ಎಸ್ಟೇಟ್. 90ರ ದಶಕದಲ್ಲಿ ನಮ್ಮಲ್ಲಿ ಟಾಟಾ ಎಸ್ಟೇಟ್ ಓಡಾಡುತ್ತಿತ್ತಲ್ಲ, ಆ ಆಕಾರದ, ಚಾವಣಿ ಹಿಂದಿನವರೆಗೂ ಚಾಚಿದ ಉದ್ದನೆ ಕಾರು. ಪಸಾಟ್, ಆಕ್ಟೇವಿಯಾ, ವೋಲ್ವೋ ಯಾವುದಾದರೂ ಆಗಬಹುದು. ಕಾರಣ ಇದೆ. ಕಾರು ಟ್ರೇಲರ್‌ಗಿಂತ ಚೆನ್ನಾಗಿ ಭಾರ ಇರಬೇಕು. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವ ಹೊಸಬರಿಗೆ ಒಂದು ಮಾತು ಹೇಳುತ್ತಾರೆ: ತುಂಬಿದ ಟ್ರೇಲರ್ ಕಾರಿನ ತೂಕದ ಶೇ. 85 ದಾಟಬಾರದು. ನಾನು ಗ್ಲೈಡರ್‌ಗೆ ಶೇ. 65 ಒಳಗೇ ಇರಲಿ ಅನ್ನುತ್ತೇನೆ, ಯಾಕೆಂದರೆ ಉದ್ದ ಜಾಸ್ತಿ. ಎರಡನೆಯದು, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಅಂತರ ಜಾಸ್ತಿ ಇರಬೇಕು, ಹಿಂದಿನ ಅಚ್ಚಿನಿಂದ ಟ್ರೇಲರ್ ಸಿಕ್ಕಿಸುವ ಕೊಕ್ಕೆಗೆ ಅಂತರ ಕಡಿಮೆ ಇರಬೇಕು. ಕೊಕ್ಕೆ ದೂರವಾದಷ್ಟೂ ಟ್ರೇಲರ್ ಕಾರಿನ ಬಾಲ ಹಿಡಿದು ಅಲ್ಲಾಡಿಸುತ್ತದೆ. ಇನ್ನು ಡೀಸೆಲ್ ಯಾಕೆ ಅಂದರೆ ಇಂಜಿನ್ ನಿಧಾನಕ್ಕೆ ತಿರುಗುವಾಗಲೇ ಎಳೆತ ಸಿಗುತ್ತದೆ. ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಸುಡುವುದಿಲ್ಲ. ಯುರೋಪಿನಲ್ಲಿ ಎಳೆಯುವ ಮಿತಿ ಕೊಡುವ ಮೊದಲು, 100 ಮೀಟರಿಗೆ 12 ಮೀಟರ್ ಏರುವ ದಾರಿಯಲ್ಲಿ ಕಾರು ಟ್ರೇಲರ್ ಸಮೇತ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಬೇಕು. ಹಾರ್ಸ್‌ಪವರ್ ವಿಷಯ ಕೇಳಿದಿರಲ್ಲ, 120 ಇದ್ದರೂ ಧಾರಾಳ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದರೆ ಸ್ಪೀಡಿನ ಮಿತಿಯೇ ಗಂಟೆಗೆ 80 ಕಿಲೋಮೀಟರ್. ವಿಶೇಷ ಪರವಾನಗಿ ಸಿಕ್ಕಿದರೆ 100, ಅಷ್ಟೇ.

ಇಲ್ಲಿ ಮೈಸೂರಿನಲ್ಲಿ ಕೇಳುವವರು "ಎಸ್‌ಯುವಿ ಅಲ್ವಾ ಬೇಕಾಗೋದು?" ಅಂತಾರೆ. ಭಾರ ಇದೆ, ಒಳ್ಳೇದೇ. ಆದರೆ ಎತ್ತರವೂ ಇದೆ, ಓಲಾಟ ಶುರುವಾದರೆ ಎತ್ತರದ್ದು ಜಾಸ್ತಿ ವಾಲುತ್ತದೆ. ಅದರ ನಿಜವಾದ ಉಪಯೋಗ ಹೊಲದಲ್ಲಿ. ಗ್ಲೈಡರ್‌ಗೆ ಮೇಲಕ್ಕೆತ್ತುವ ಬಿಸಿಗಾಳಿಯ ಸೆಲೆ ಸಿಗದಿದ್ದರೆ ಎಲ್ಲೋ ಕೊಯ್ಲಾದ ಗೋಧಿ ಹೊಲದಲ್ಲಿ ಇಳಿಯಬೇಕಾಗುತ್ತದೆ. ಆಗ ಗೆಳೆಯರು ಟ್ರೇಲರ್ ಕಟ್ಟಿಕೊಂಡು ಹುಡುಕಿಕೊಂಡು ಬರುತ್ತಾರೆ. ಮಳೆ ಬಿದ್ದ ಹುಲ್ಲಿನ ಮೇಲೆ, ಏರಿನಲ್ಲಿ, ಮುಂದಿನ ಚಕ್ರ ಎಳೆಯುವ ಕಾರು ನಿಂತಲ್ಲೇ ಚಕ್ರ ಸುತ್ತುತ್ತದೆ, ಭಾರವೆಲ್ಲ ಹಿಂದಕ್ಕೆ ಹೋಗಿರುತ್ತಲ್ಲ. ನನಗೆ ಹಾಗಾದಾಗ ಹೊಲದ ರೈತರೇ ಟ್ರ್ಯಾಕ್ಟರ್ ತಂದು ಎಳೆದುಕೊಟ್ಟರು. ಮಣ್ಣಿನ ಕೈ ಒರೆಸಿಕೊಂಡು ಕೈಕುಲುಕಿದಾಗ ನಮ್ಮೂರಿನ ಯಾರೋ ಸಿಕ್ಕಿದ ಹಾಗಾಯಿತು. ಬೆಟ್ಟಗುಡ್ಡದ ಕಡೆ ಹಾರಿಸುವವರು ನಾಲ್ಕೂ ಚಕ್ರ ಎಳೆಯುವ ಎಸ್ಟೇಟ್ ಸಿಕ್ಕಿದರೆ ಬಿಡಬೇಡಿ.

ಎಲೆಕ್ಟ್ರಿಕ್ ಕಾರಿಗೆ ಭಾರವೂ ಇದೆ, ಎಳೆತವೂ ಇದೆ. ಆದರೆ ಆರ್‌ಸಿ ನೋಡದೆ ದುಡ್ಡು ಕೊಡಬೇಡಿ. ಟ್ರೇಲರ್ ಕಟ್ಟಿದ ಮೇಲೆ ಚಾರ್ಜ್ ಬೇಗ ಇಳಿಯುತ್ತದೆ. ಚಾರ್ಜಿಂಗ್ ಜಾಗಗಳೂ ಒಂಟಿ ಕಾರಿಗೆ ಅಂತಲೇ ಮಾಡಿದವು, ಎಷ್ಟೋ ಕಡೆ ಟ್ರೇಲರ್ ಬಿಚ್ಚಿಟ್ಟು ಹೋಗಬೇಕು.

ಹೋದ ವಾರ ಮಂಡ್ಯದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಹಳೇ ಆಕ್ಟೇವಿಯಾ ಎಸ್ಟೇಟ್ ನೋಡಿದ್ದಾಳೆ, ಕೊಕ್ಕೆ ಆಗಲೇ ಇದೆ, ಓ.1 ಅಂಕಿಯೂ ಸಾಕಷ್ಟಿದೆ. ಹಿಂದಿನ ಕರೆಂಟ್ ಸಾಕೆಟ್ಟಿನಲ್ಲಿ 13 ತೂತು ಇದೆಯಾ, 7 ಇದೆಯಾ ಎಣಿಸಮ್ಮ ಅಂದೆ. ಈಗಿನ ಟ್ರೇಲರ್‌ಗಳಿಗೆ 13 ಬೇಕು, ಹಳೇದಾದರೆ ಅಡಾಪ್ಟರ್ ತಗೊಳ್ಳಬೇಕು. ಆಮೇಲೆ ಟ್ರೇಲರ್ ಟೈರಿನ ಪಕ್ಕದ ನಾಲ್ಕು ಅಂಕಿ ಓದೋಕೆ ಹೇಳಿದೆ. 2314 ಅಂತ ಓದಿದಳು. ಅಂದರೆ 2014ರ 23ನೇ ವಾರ ಮಾಡಿದ ಟೈರು. ಗ್ಲೈಡರ್ ಟ್ರೇಲರ್ ವರ್ಷದಲ್ಲಿ ಬಹಳ ದಿನ ನಿಂತೇ ಇರುತ್ತದೆ. ಟೈರು ಸವೆಯೋದಿಲ್ಲ, ಒಳಗೊಳಗೇ ಸೀಳುತ್ತದೆ. 100ರ ಪರವಾನಗಿಗೂ ಆರು ವರ್ಷಕ್ಕಿಂತ ಹಳೇ ಟೈರು ನಡೆಯುವುದಿಲ್ಲ. "ನೋಡೋಕೆ ಹೊಸದರ ಹಾಗೇ ಇದೆ ಅಂಕಲ್" ಅಂದಳು. ಕಾರಿಗೆ ಅಡ್ವಾನ್ಸ್ ಆಮೇಲೆ ಕೊಡು, ಮೊದಲು ಕ್ಲಬ್ಬಿನವರಿಗೆ ಹೇಳಿ ಆ ಎರಡು ಟೈರು ಬದಲಾಯಿಸು ಅಂದೆ.