ಪಾರ್ಸಲ್ ಹೋದ್ರೆ ವಾಚ್‌ಮನ್ ಸಂಬಳ ಹಿಡಿಯೋದಾ?

12 ಅಕ್ಟೋಬರ್ 2025, ಭಾನುವಾರ
ಬೆಂಗಳೂರು

ದೀಪಾವಳಿ ಸೇಲ್ ಶುರುವಾದಾಗಿಂದ ನಮ್ಮ ಗೇಟ್ ಹತ್ರ ಬರೀ ಬಾಕ್ಸ್‌ಗಳದ್ದೇ ರಾಶಿ, ಹಗಲು ಹೊತ್ತು ಮುಕ್ಕಾಲು ಮನೆಗೆ ಬೀಗ, ತಗೊಳೋರು ಯಾರೂ ಇರಲ್ಲ. ಇವತ್ತು ಅಸೋಸಿಯೇಷನ್ ಮೀಟಿಂಗ್ ಕರೆದಿದ್ದೇ ಇದಕ್ಕೆ. ಈ ಸಲ ಕಳುವಾಗಿದ್ದು ಎರಡನೇ ಮಹಡಿ ಅಜ್ಜಿ ಪಾರ್ಸಲ್ಲು, ಮಗ ಪುಣೆಯಿಂದ ಆರ್ಡರ್ ಮಾಡಿದ್ದ ಶುಗರ್ ನೋಡೋ ಮಿಷಿನ್ನು, ಅದರ ಸ್ಟ್ರಿಪ್ಪು.

ಮೀಟಿಂಗ್ ಶುರುವಾಗಿ ಐದು ನಿಮಿಷ ಆಗಿಲ್ಲ, ಯಾರೋ ಒಬ್ರು ವಾಚ್‌ಮನ್ ಸಂಬಳದಲ್ಲಿ ಹಿಡ್ಕೊಳಿ ಅಂದ್ರು, ಪಕ್ಕದಲ್ಲಿದ್ದವ್ರೂ ಹೌದು ಹೌದು ಅಂದ್ರು. ಆ ಮನುಷ್ಯ ಅಲ್ಲೇ ನೀರಿನ ಕ್ಯಾನ್ ಇಡ್ತಾ ನಿಂತಿದ್ದ, ಕೇಳಿಸ್ಕೊಂಡು ತಲೆ ಬಗ್ಗಿಸಿದ. ನಂಗೆ ತಡೆಯಕ್ಕಾಗ್ಲಿಲ್ಲ, ಎದ್ದು ಮಾತಾಡ್ದೆ.

ಯಾಕಂದ್ರೆ ನಾನೂ ಸೆಕ್ರೆಟರಿನೂ ನಿನ್ನೆ ರಾತ್ರಿ ಕೂತು ಸಿಸಿಟಿವಿ ನೋಡಿದ್ವಿ. ಅಜ್ಜಿ ಮಗನಿಗೆ ಡೆಲಿವರ್ಡ್ ಅಂತ ಮೆಸೇಜ್ ಜೊತೆ ಒಂದು ಫೋಟೋ ಬಂದಿದೆ, ಅದ್ರಲ್ಲಿ ಬಾಕ್ಸ್ ಹಿಂದೆ ಕಾಣೋದು ಬಾಗಿಲಲ್ಲ, ಕರೆಂಟ್ ಮೀಟರ್ ಬೋರ್ಡು! ಅಂದ್ರೆ ಹುಡುಗ ಮೇಲೆ ಹತ್ತೇ ಇಲ್ಲ, ಮೆಟ್ಟಿಲ ಕೆಳಗೆ ಇಟ್ಟು ಫೋಟೋ ಹೊಡ್ಕೊಂಡು ಹೋಗಿದಾನೆ. ಅವನನ್ನೂ ಪೂರ್ತಿ ಬೈಯಕ್ಕೆ ಮನಸ್ಸಾಗಲ್ಲ, ಬೆನ್ನ ಮೇಲೆ ಅಷ್ಟು ದೊಡ್ಡ ಚೀಲ, ಒಂದೊಂದು ಮನೆ ಮುಂದೂ ಕಾಯ್ತಾ ನಿಂತ್ರೆ ಅವನ ದಿನ ಮುಗಿಯಲ್ಲ. ಸ್ವಲ್ಪ ಹೊತ್ತಾದ್ಮೇಲೆ ಹೆಲ್ಮೆಟ್ ಹಾಕ್ಕೊಂಡೇ ಒಬ್ಬ ಒಳಗ್ ಬಂದು ಬಾಕ್ಸ್ ಕಂಕುಳಲ್ಲಿ ಇಟ್ಕೊಂಡು ಹೊರಗ್ ಹೋದ. ಆವಾಗ ವಾಚ್‌ಮನ್ ಎಲ್ಲಿದ್ದ ಅಂದ್ರೆ ಹಿಂದುಗಡೆ ಟ್ಯಾಂಕರ್ ಪೈಪ್ ನೀರಿನ ಸಂಪ್‌ಗೆ ಬಿಡ್ತಿದ್ದ, ಆ ಕೆಲ್ಸ ಹೇಳಿದ್ದೂ ನಾವೇ. ಪಾರ್ಸಲ್ಲು ಅವನ ಕೈಗೆ ಬಂದೇ ಇಲ್ಲ ಅಂದ್ಮೇಲೆ ಅವನು ಹೆಂಗೆ ಜವಾಬ್ದಾರ? ಕಾನೂನಲ್ಲೂ ಅಷ್ಟೆ, ಕೆಲಸಗಾರನ ವಶಕ್ಕೆ ಕೊಟ್ಟ ವಸ್ತು ಅವನ ನಿರ್ಲಕ್ಷ್ಯದಿಂದಲೇ ಹೋಗಿರ್ಬೇಕು, ಅವನ ವಿವರಣೆ ಕೇಳಿರ್ಬೇಕು, ಅದಿಲ್ದೆ ಸಂಬಳಕ್ಕೆ ಕೈ ಹಾಕೋ ಹಾಗಿಲ್ಲ. ಇಷ್ಟು ಹೇಳಿದ್ಮೇಲೆ ಆ ಮಾತು ಬಿದ್ದೋಯ್ತು, ಪುಣ್ಯ.

ಆಮೇಲೆ ಏನ್ ಮಾಡ್ಬೇಕು ಅಂತ ಮಾತಾಯ್ತು. ಗೇಟ್ ಪಕ್ಕ ಬೀಗ ಇರೋ ರ‍್ಯಾಕ್ ಮಾಡಿಸೋದು, ರಿಜಿಸ್ಟರಲ್ಲಿ ಟೈಮು, ಫ್ಲ್ಯಾಟ್ ನಂಬರ್ರು, ತಗೊಂಡೋರ ಸೈನು. ಟ್ಯಾಂಕರ್ ಬಂದಾಗ ಗೇಟ್ ಬಿಟ್ಟು ಹೋಗೋದು ಬೇಡ, ಪ್ಲಂಬರ್‌ಗೆ ಹೇಳೋಣ ಅಂತ ಆಯ್ತು. ಬೆಲೆ ಬಾಳೋ ಸಾಮಾನಿಗೆ ಓಟಿಪಿ ಡೆಲಿವರಿನೇ ಹಾಕ್ಕೊಳಿ, ಆದ್ರೆ ದಯವಿಟ್ಟು ಬಾಕ್ಸ್ ಕೈಗೆ ಬರೋಕ್ ಮುಂಚೆ ಫೋನಲ್ಲಿ ಓಟಿಪಿ ಹೇಳ್ಬೇಡಿ, ಹೇಳಿದ್ರೆ ನೀವು ತಗೊಂಡಿದೀರ ಅಂತ ನೀವೇ ಒಪ್ಕೊಂಡ ಹಾಗೆ.

ಪಾರ್ಸಲ್ ಕಳುವಾದ್ಮೇಲೆ ಮೊದಲ ಕೆಲಸ ಸಿಸಿಟಿವಿ ಫೂಟೇಜ್ ಉಳಿಸೋದು. ಕ್ಯಾಮೆರಾದ್ದು ರೆಕಾರ್ಡ್ ಆಗೋ ಡಿವಿಆರ್ ಡಬ್ಬೀಲಿ ಡಿಸ್ಕ್ ತುಂಬಿದ್ರೆ ಹಳೇದನ್ನ ತಾನೇ ಅಳಿಸ್ತಾ ಹೋಗುತ್ತೆ, ಹಬ್ಬ ಮುಗೀಲಿ ನೋಡೋಣ ಅಂತ ಕೂತ್ರೆ ಏನೂ ಸಿಗಲ್ಲ, ಅವತ್ತೇ ಪೆನ್‌ಡ್ರೈವ್‌ಗೆ ಹಾಕ್ಕೊಬೇಕು. ಜೊತೆಗೆ ಆರ್ಡರ್ ಮಾಡಿದ ಆ್ಯಪಲ್ಲೇ ಸಿಕ್ಕಿಲ್ಲ ಅಂತ ದೂರು, ಆ ಡೆಲಿವರಿ ಫೋಟೋ ಸಮೇತ. ಕಸ್ಟಮರ್ ಕೇರ್‌ನವ್ರು ಡೆಲಿವರಿ ಆಗಿದೆ ಅಂತ ಹೇಳಿ ಕೈ ತೊಳ್ಕೊಂಡ್ರೆ ಬಿಡ್ಬೇಡಿ, 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರ ಕುಂದುಕೊರತೆ ಅಧಿಕಾರಿ 48 ಗಂಟೇಲಿ ದೂರು ಬಂದಿದೆ ಅಂತ ಉತ್ತರ ಕೊಡ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಅದೂ ಆಗ್ಲಿಲ್ವಾ, ಗ್ರಾಹಕರ ಸಹಾಯವಾಣಿ 1915 ಇದೆ.

ಪೊಲೀಸ್ ಹತ್ರ ಹೋಗೋದು ಬೇಡ, ಇಷ್ಟು ಸಣ್ಣದಕ್ಕೆ ಯಾಕೆ ಅಂತ ಕೆಲವ್ರು. ನಾನು ಒಪ್ಪಲ್ಲ. ಭಾರತೀಯ ನ್ಯಾಯ ಸಂಹಿತೆ 303ನೇ ಸೆಕ್ಷನಲ್ಲಿ ಇದು ಕಳ್ಳತನನೇ, ಮೊದಲು ಐಪಿಸಿ 379 ಅಂತಿದ್ವಲ್ಲ, ಅದೇ. ಮಾಲು 5,000 ರೂಪಾಯಿಗಿಂತ ಕಮ್ಮಿ ಇದ್ದು, ಮೊದಲನೇ ಸಲ ಸಿಕ್ಕಿಬಿದ್ದೋನು ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ರೆ ಜೈಲಿನ ಬದಲು ಸಮುದಾಯ ಸೇವೆ, ಹಂಗಾಗಿ ಯಾವ್ದೋ ಹುಡುಗನ ಜೀವನ ಹಾಳಾಗುತ್ತೆ ಅಂತ ಹೆದರೋದೂ ಬೇಕಿಲ್ಲ.

ಅಜ್ಜಿಗೆ ಸದ್ಯಕ್ಕೆ ಎದುರಿಗಿರೋ ಮೆಡಿಕಲಿಂದ ಮಿಷಿನ್ ತಂದುಕೊಟ್ಟಿದೀವಿ, ಮಗನ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಾಳೆ ಬೆಳಿಗ್ಗೆ ನಾನೂ ಸೆಕ್ರೆಟರಿನೂ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ತೀವಿ, ಬಿಲ್ ಪ್ರಿಂಟ್ ತೆಗ್ಸಿದೀನಿ.