ರೇಡಾರ್ ಇರುವಾಗ ಸುಂಟರಗಾಳಿಯ ಹತ್ತಿರ ಹೋಗುವುದೇಕೆ?

ಊರಿಗೆ ಫೋನ್ ಮಾಡಿದಾಗಲೆಲ್ಲ ಅಕ್ಕ ಕೇಳುತ್ತಾಳೆ: "ರೇಡಾರ್, ಉಪಗ್ರಹ ಎಲ್ಲ ಇರುವಾಗ ನೀನೇಕೆ ಕಾರು ಹತ್ತಿ ಆ ಗಾಳಿಯ ಹತ್ತಿರ ಹೋಗುತ್ತೀಯ?" ಇಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಪರಿಚಯವಾಗುವ ಕನ್ನಡಿಗರದೂ ಇದೇ ಪ್ರಶ್ನೆ. ನನ್ನ ಉತ್ತರ ಚಿಕ್ಕದು. ರೇಡಾರಿಗೆ ನೆಲ ಕಾಣಿಸುವುದಿಲ್ಲ.

ಭೂಮಿ ಗುಂಡಗಿದೆ, ರೇಡಾರಿನ ಕಿರಣ ಅದರಷ್ಟು ಬಾಗುವುದಿಲ್ಲ. ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿನ ಕಿರಣವನ್ನೂ ಅರ್ಧ ಡಿಗ್ರಿಯಷ್ಟು ಮೇಲಕ್ಕೇ ಬಿಡುತ್ತಾರೆ. 100 ಕಿ.ಮೀ. ದಾಟುವಷ್ಟರಲ್ಲಿ ಅದು ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. ಮೋಡದ ಹೊಟ್ಟೆಯಲ್ಲಿ ಗಾಳಿ ಸುತ್ತುತ್ತಿರುವುದು ಅದಕ್ಕೆ ಗೊತ್ತಾಗುತ್ತದೆ. ಆದರೆ ಹಾಗೆ ಸುತ್ತುವ ಮೋಡಗಳಲ್ಲಿ ಹೆಚ್ಚಿನವು ಸುಂಟರಗಾಳಿಯನ್ನು ಇಳಿಸುವುದೇ ಇಲ್ಲ. ಇಳಿದು, ನೆಲದ ವಸ್ತುಗಳನ್ನು ಎತ್ತಿ ತೂರಿದ ಮೇಲೆ ರೇಡಾರಿಗೂ ಕಾಣುತ್ತದೆ, ನಿಜ. ಅಷ್ಟರಲ್ಲಿ ಯಾರದೋ ಮನೆಯ ಛಾವಣಿ ಹಾರಿರಬಹುದು. ಅದಕ್ಕೇ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ 'ಸ್ಕೈವಾರ್ನ್' ಎಂಬ ಹೆಸರಿನಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಅವರ ಕಣ್ಣನ್ನು ನೆಚ್ಚಿಕೊಂಡಿದೆ. ಅವರಲ್ಲಿ ನಾನೂ ಒಬ್ಬ.

ಗದಗದ ಕಡೆಯ ಎರೆಹೊಲಗಳಲ್ಲಿ ಬೆಳೆದವನಿಗೆ ಬಯಲು ಹೊಸದಲ್ಲ. ಈ ಬಯಲಿನ ಮೇ ತಿಂಗಳು ಮಾತ್ರ ಬೇರೆಯೇ. ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿ ಬರುತ್ತದೆ, ಪಶ್ಚಿಮದ ಎತ್ತರದ ಒಣನೆಲದಿಂದ ಒಣಗಾಳಿ. ಎರಡೂ ಸಂಧಿಸುವ ಗೆರೆಗೆ ಇಲ್ಲಿ ಡ್ರೈಲೈನ್ ಎನ್ನುತ್ತಾರೆ. ಮೇಲೆ ಬಿಸಿಗಾಳಿಯ ಪದರವೊಂದು ಮುಚ್ಚಳದಂತೆ ಕೂತಿರುತ್ತದೆ. ಸಂಜೆಯ ಹೊತ್ತಿಗೆ ಆ ಮುಚ್ಚಳ ಹಾರಿತೋ, ಹೂಕೋಸಿನಂಥ ಮೋಡ ಅರ್ಧ ಗಂಟೆಯಲ್ಲಿ ಹತ್ತು ಹನ್ನೆರಡು ಕಿ.ಮೀ. ಎತ್ತರಕ್ಕೆ ಬೆಳೆದು ನಿಲ್ಲುತ್ತದೆ. ಹಾರದಿದ್ದರೆ ದಿನವಿಡೀ ನೀಲಿ ಆಕಾಶ, ಬರಿಗೈಯಲ್ಲಿ ಮನೆಗೆ. ನನ್ನ ಹೆಚ್ಚಿನ ದಿನಗಳು ಹೀಗೆಯೇ ಮುಗಿದಿವೆ.

ಹೆದರಿಕೆಯ ಮಾತನ್ನೂ ಆಡಬೇಕು. 2013ರ ಮೇ 31ರಂದು ಇಲ್ಲಿನ ಎಲ್ ರೆನೊ ಬಳಿ ಎದ್ದ ಸುಂಟರಗಾಳಿಯ ಅಗಲ 4.2 ಕಿ.ಮೀ. ಅದಕ್ಕಿಂತ ಅಗಲವಾದದ್ದು ದಾಖಲೆಯಲ್ಲಿಲ್ಲ. ಮಳೆಯ ಪರದೆಯ ಹಿಂದೆ ಅಡಗಿದ್ದ ಅದು ಹಠಾತ್ತನೆ ದಿಕ್ಕು ಬದಲಿಸಿ ವೇಗ ಹೆಚ್ಚಿಸಿಕೊಂಡಿತು. ಸುಂಟರಗಾಳಿಗಳ ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದಕ್ಕೆ ಸಿಲುಕಿ ತೀರಿಕೊಂಡರು. ಸಮಾರಸ್ ಹುಂಬರಲ್ಲ. 2003ರಲ್ಲಿ ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಬಳಿ ಸುಂಟರಗಾಳಿಯ ದಾರಿಯಲ್ಲಿ ತಾವೇ ಮಾಡಿದ ಉಪಕರಣವಿಟ್ಟು, ಆ ಸುಂಟರಗಾಳಿಯೊಳಗೆ ಗಾಳಿಯ ಒತ್ತಡ 100 ಮಿಲಿಬಾರ್ ಕುಸಿಯುವುದನ್ನು ಅಳೆದವರು. ಅಷ್ಟು ಬಲ್ಲವರಿಗೇ ಹೀಗಾಯಿತು ಎಂಬುದನ್ನು ನಾನು ಒಂದು ದಿನವೂ ಮರೆಯುವುದಿಲ್ಲ. ಮಳೆಯಲ್ಲಿ ಮುಚ್ಚಿಹೋದ ಗಾಳಿಯ ಹತ್ತಿರ ಹೋಗುವುದಿಲ್ಲ. ಕತ್ತಲಾದ ಮೇಲೆ ಹಿಂಬಾಲಿಸುವುದಿಲ್ಲ. ಇಲ್ಲಿ ಮೋಡಗಳು ಸಾಮಾನ್ಯವಾಗಿ ಈಶಾನ್ಯಕ್ಕೆ ಸಾಗುವುದರಿಂದ ಅವುಗಳ ಆಗ್ನೇಯಕ್ಕೆ, ದಕ್ಷಿಣಕ್ಕೆ ಓಡಲು ಡಾಂಬರು ರಸ್ತೆ ಇರುವ ಕಡೆ ನಿಲ್ಲುತ್ತೇನೆ. ಹೊಲಗಳ ನಡುವೆ ಮೈಲಿಗೊಂದು ಮಣ್ಣಿನ ರಸ್ತೆ ಇದೆ, ಆದರೆ ಈ ಕೆಮ್ಮಣ್ಣು ನೆನೆದರೆ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಸಿಡಿಲು, ಜಾರುವ ರಸ್ತೆ, ಆಕಾಶ ನೋಡುತ್ತ ಕಾರು ಓಡಿಸುವ ಇತರರು: ದಿನನಿತ್ಯದ ಅಪಾಯ ಇವುಗಳಿಂದಲೇ ಹೆಚ್ಚು.

ಒಮ್ಮೆ ಗೋಧಿ ಹೊಲದ ಬದಿಯಲ್ಲಿ ನಿಂತಿದ್ದೆ. ಮೋಡದ ಬುಡದಿಂದ ಒಂದು ತುಂಡು ಗೋಡೆಯಂತೆ ಕೆಳಗಿಳಿದು ನಿಧಾನವಾಗಿ ಸುತ್ತುತ್ತಿತ್ತು. ಸೊಂಡಿಲು ಇನ್ನೂ ಮೂಡಿರಲಿಲ್ಲ. ಅದರ ನೇರ ಕೆಳಗೆ, ಹೊಲದಾಚೆ, ಕೆಂಪು ಧೂಳು ಚಕ್ರಾಕಾರವಾಗಿ ಏಳತೊಡಗಿತು. ಸೊಂಡಿಲು ಕಾಣದಿದ್ದರೂ ಧೂಳು ಹಾಗೆ ಸುತ್ತಿದರೆ ಸುಂಟರಗಾಳಿ ನೆಲ ಮುಟ್ಟಿದೆ ಎಂದೇ ಅರ್ಥ. ಹವಾಮಾನ ಕಚೇರಿಗೆ ಫೋನ್ ಮಾಡಿ ನಾನಿರುವ ಜಾಗ ಹೇಳಿದೆ. ಆ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: "ನೆಲ ಮುಟ್ಟಿದೆಯೇ?"

"ಮುಟ್ಟಿದೆ" ಎಂದೆ. ಎರಡು ನಿಮಿಷದೊಳಗೆ ಪೂರ್ವದ ಊರಿನ ಸೈರನ್ ಕೂಗತೊಡಗಿತು.